ಆಯಾರದ ಅಂಗಿ

ನಮ್ಮ ಅಣ್ಣನ ಹತ್ತಿರ ಇದ್ದಷ್ಟು ಅಂಗಿಗಳು ಈ ಐದಾರು ತಾಲ್ಲೂಕುಗಳಲ್ಲಿ ಯಾವ ಸಾಹುಕಾರನ ಹತ್ತಿರವೂ ಇರಲಿಲ್ಲ. ಹಾಗೆಯೇ, ಅವನ ಹತ್ತಿರ ಇದ್ದಂಥ ಅಂಗಿಗಳು ಯಾವ ಭಿಕ್ಷುಕನ ಹತ್ತಿರವೂ ಇರಲಿಲ್ಲ! ಈ ಎರಡು ಮಾತೂ ನಿಜ. ಎರಡಕ್ಕೂ ನಾನೇ ಸಾಕ್ಷಿ. ಯಾಕೆಂದರೆ ಅಷ್ಟನ್ನೂ ಹೊಲಿದ ಪಾಪಿ ನಾನೇ.

ನಾನು ಕೊಟ್ಟೂರಿನ ಬಜಾರದಲ್ಲಿ ಟೇಲರ್ ಅಂಗಡಿ ಇಟ್ಟುಕೊಂಡಿದ್ದವನು. ಎಸ್ಸೆಸ್ಸೆಲ್ಸಿ ಪಾಸಾಗಿ, ನೌಕರಿ ಸಿಗದೆ, ಅಪ್ಪನ ಹೊಲಿಗೆ ಮಿಷನ್ನಿಗೆ ಕಾಲು ಕೊಟ್ಟವನು. ಈಗ ಮೊಣಕಾಲು ಹೋಗಿವೆ, ಕಣ್ಣು ಮಂಜಾಗಿವೆ, ಸೂಜಿಗೆ ದಾರ ಪೋಣಿಸಲು ಬರುವುದಿಲ್ಲ. ಅದಕ್ಕೇ ಪೆನ್ನು ಹಿಡಿದಿದ್ದೇನೆ. ಪೆನ್ನಿಗೆ ಪೋಣಿಸುವ ತಾಪತ್ರಯವಿಲ್ಲ ನೋಡಿ!

ಅಣ್ಣ ಎಂದರೆ ಒಡಹುಟ್ಟಿದವನಲ್ಲ, ನಮ್ಮ ದೊಡ್ಡಪ್ಪನ ಮಗ. ಊರಿನ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಬೆಂಕಿಯ ಮುಂದೆ ನಿಂತು ಅಕ್ಕಿಯನ್ನು ಬಿಸಿ ಮರಳಿನಲ್ಲಿ ಹುರಿದು ಹುರಿದು, ಅಕ್ಕಿಯೆಲ್ಲ ಉಬ್ಬಿಕೊಂಡು ಮಂಡಕ್ಕಿಯಾಗುತ್ತಿತ್ತು, ಅವನು ಮಾತ್ರ ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿದ್ದ. ಅವನಿಗೆ ಬೀಡಿ ಬೇಡ, ಇಸ್ಪೀಟು ಬೇಡ, ಸಿನಿಮಾ ಬೇಡ. ಇದ್ದದ್ದು ಒಂದೇ ಹುಚ್ಚು. ಮದುವೆಗಳಿಗೆ ಹೋಗುವುದು. ಮದುವೆಗೆ ಹೋಗುವುದು ಹುಚ್ಚು ಹೇಗಾದೀತು ಎನ್ನುತ್ತೀರಾ? ಹೋಗುವುದಲ್ಲ, ಹೋಗಿ ಬಂದ ಮೇಲೆ ಅವನು ಮಾಡುತ್ತಿದ್ದದ್ದು ಹುಚ್ಚು.

ನಮ್ಮ ಕಡೆ ಮದುವೆಗೆ ಬಂದ ನೆಂಟರಿಗೆ ಆಯಾರ ಮಾಡುವ ಪದ್ಧತಿಯಿದೆ. ಆಯಾರವೆಂದರೆ ಬಟ್ಟೆ ಕೊಟ್ಟು ಮರ್ಯಾದೆ ಮಾಡುವುದು. ಗಂಡಸರಿಗೆ ಅಂಗಿಯ ಪೀಸು, ಹೆಂಗಸರಿಗೆ ಜಂಪರಿನ ಪೀಸು, ಮೇಲೆ ಎಲೆ ಅಡಿಕೆ. ಕೊಡುವವರಿಗೂ ಗೊತ್ತು, ತೆಗೆದುಕೊಳ್ಳುವವರಿಗೂ ಗೊತ್ತು, ಅದು ಹೊಲಿಸಿಕೊಳ್ಳುವ ಬಟ್ಟೆಯಲ್ಲ. ಬಟ್ಟೆ ಅಂಗಡಿಯವರು ಅದಕ್ಕೆಂದೇ ಬೇರೆ ಕಟ್ಟು ಇಟ್ಟಿರುತ್ತಾರೆ. "ಹಾಕ್ಕೊಳ್ಳಾಕ ಬೇಕೇನ್ರಿ, ಕೊಡಾಕ ಬೇಕೇನ್ರಿ?" ಎಂದು ಮೊದಲೇ ಕೇಳುತ್ತಾರೆ. ಕೊಡುವ ಪೀಸನ್ನು ಬೆಳಕಿಗೆ ಹಿಡಿದರೆ ಆಚೆ ಬೀದಿ ಕಾಣಿಸುತ್ತದೆ. ಅದನ್ನು ಟ್ರಂಕಿನಲ್ಲಿ ಇಟ್ಟು, ಮುಂದಿನ ಮದುವೆಯಲ್ಲಿ ಮತ್ತೊಬ್ಬರಿಗೆ ದಾಟಿಸಬೇಕು. ಅವರು ಇನ್ನೊಬ್ಬರಿಗೆ ದಾಟಿಸುತ್ತಾರೆ. ಹೀಗೆ ಕೂಡ್ಲಿಗಿಯಲ್ಲಿ ಹೊರಟ ಪೀಸು ಹಗರಿಬೊಮ್ಮನಹಳ್ಳಿ, ಹಡಗಲಿ, ಹೊಳಲು ಎಲ್ಲ ಸುತ್ತಿ ಕೂಡ್ಲಿಗಿಗೇ ವಾಪಸು ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮೂಲೆಯಲ್ಲಿ ಊದುಬತ್ತಿಯ ಕಿಡಿ ತಾಗಿ ಸುಟ್ಟ ಗುರುತಿತ್ತು. ಹಾಗೆ ನೋಡಿದರೆ ಕೆಲವು ಪೀಸುಗಳು ನಮ್ಮ ಪುರೋಹಿತರಿಗಿಂತ ಹೆಚ್ಚು ಮದುವೆ ಕಂಡಿವೆ!

ಇಷ್ಟು ಚೆನ್ನಾಗಿ ತಿರುಗುತ್ತಿದ್ದ ಗಾಡಿಗೆ ಕಲ್ಲು ಕೊಟ್ಟವನು ನಮ್ಮಣ್ಣ. ಕೊಟ್ಟ ಪ್ರತಿಯೊಂದು ಪೀಸನ್ನೂ ಅವನು ಅಂಗಿಯಾಗಿ ಹೊಲಿಸುತ್ತಿದ್ದ. ಹೊಲಿಸಿ, ಕೊಟ್ಟವರ ಮನೆಯ ಮುಂದಿನ ಮದುವೆಗೆ ಅದನ್ನೇ ಹಾಕಿಕೊಂಡು ಹೋಗುತ್ತಿದ್ದ.

"ಯಾಕಣ್ಣಾ ಇದೆಲ್ಲ?" ಎಂದು ನಾನು ಒಮ್ಮೆ ಕೇಳಿದೆ.

"ಬಟ್ಟಿ ಯಾಕ ಕೊಡ್ತಾರಲೇ ತಮ್ಮ? ಹಾಕ್ಕೊಳ್ಳಾಕ. ಅದಕ್ಕ ಹಾಕ್ಕೊಂತೀನಿ. ನೀವೆಲ್ಲ ಯಾಕ ಹಾಕ್ಕೊಳ್ಳಂಗಿಲ್ಲ, ಅದನ್ನ ಹೇಳು ಮೊದ್ಲು."

ನಾನು ಟೇಪು ಎತ್ತಿಕೊಂಡು ಅವನ ಎದೆಯ ಅಳತೆ ತೆಗೆದೆ.

ಒಂದು ಸಲ ಕೂಡ್ಲಿಗಿಯ ನೆಂಟರು ಕೊಟ್ಟ ಪೀಸನ್ನು ತಂದು ಮೇಜಿನ ಮೇಲೆ ಹರಡಿದ. ಟೇಪು ಹಿಡಿದು ನೋಡಿದೆ.

"ಅಣ್ಣಾ, ಇದ್ರಾಗ ಮೈ ಬರತೈತಿ. ತೋಳು ಬರಂಗಿಲ್ಲ."

"ಒಂದೂ ಬರಂಗಿಲ್ಲೇನು?"

"ಎಳದಾಡಿದ್ರ ಒಂದು ಬರತೈತಿ."

"ಮತ್ತ ಅದನ್ನ ಹಚ್ಚು. ಇನ್ನೊಂದಕ್ಕ ಹಡಗಲಿಯೋರು ಕೊಟ್ಟದ್ದು ಐತಲ್ಲ."

"ಅದು ಹಸಿರು ಗೀಟಿಂದು. ಇದು ಕೆಂಪು ಚೌಕಳಿ!"

"ಇರ್ಲಿ ಬಿಡಲೇ. ಅವ್ರೂ ನಮ್ಮೋರ, ಇವ್ರೂ ನಮ್ಮೋರ."

ಹೊಲಿದೆ. ಆ ಕೂಡ್ಲಿಗಿಯವರಿಗೂ ಈ ಹಡಗಲಿಯವರಿಗೂ ಹೊಲದ ಬದುವಿನ ಸಲುವಾಗಿ ಮಾತು ನಿಂತು ಬಹಳ ಕಾಲವಾಗಿತ್ತು. ಒಬ್ಬರಿರುವ ಪಂಕ್ತಿಯಲ್ಲಿ ಇನ್ನೊಬ್ಬರು ಊಟಕ್ಕೆ ಕೂಡುತ್ತಿರಲಿಲ್ಲ. ಅಣ್ಣನ ಮೈಮೇಲೆ ಮಾತ್ರ ಹೆಗಲಿಗೆ ಹೆಗಲು ಹಚ್ಚಿ ಕೂಡಿಕೊಂಡಿದ್ದರು! ಅವನನ್ನು ನೋಡಿ ಬಡಿಸುವವನು ಹುಗ್ಗಿಯ ಬಕೆಟ್ಟನ್ನು ನೆಲಕ್ಕಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕನಂತೆ.

ಮಂಟಪಕ್ಕೆ ಕಾಲಿಟ್ಟ ಕೂಡಲೇ ಅಣ್ಣ ಮಾಡುತ್ತಿದ್ದ ಮೊದಲ ಕೆಲಸವೆಂದರೆ, ಬಟ್ಟೆ ಕೊಟ್ಟ ಯಜಮಾನನನ್ನು ಹುಡುಕಿ, ಎದುರು ನಿಂತು, "ನೋಡ್ರಿ, ನಿಮ್ದ" ಎನ್ನುವುದು. ಆಮೇಲೆ ಬೆನ್ನೂ ಕಾಣಲೆಂದು ಒಂದು ಸುತ್ತು ತಿರುಗುವುದು. ಹಗರಿಬೊಮ್ಮನಹಳ್ಳಿಯ ಒಂದು ಮದುವೆಯಲ್ಲಿ ಹೀಗೇ ತಿರುಗಿದ. ಯಜಮಾನರ ಪಕ್ಕದಲ್ಲಿ ಅವರ ಬೀಗರು ನಿಂತಿದ್ದರು. ಅವರು ಬಟ್ಟೆಯನ್ನೇ ದಿಟ್ಟಿಸಿ ನೋಡಿ, "ಇದು ನಿಮ್ಮ ಹೊಸ ಮನಿ ಒಕ್ಕಲಿಗೆ ನಾವು ತಂದಿದ್ದ ಪೀಸಲ್ಲೇನ್ರಿ ಬೀಗರ?" ಎಂದರು. ಯಜಮಾನರ ಬಾಯಲ್ಲಿದ್ದ ಎಲೆ ಅಡಿಕೆ ಗಂಟಲಿಗೆ ಸಿಕ್ಕಿಕೊಂಡಿತು. ಬೀಗರು ಊಟ ಮಾಡದೆ ಜೀಪು ಹತ್ತಿದರು.

ಅಲ್ಲಿಂದಾಚೆಗೆ ಜನ ಹುಷಾರಾದರು. ಅವನಿಗೆ ಪೀಸು ಕೊಡುವುದನ್ನೇ ಬಿಟ್ಟು ಟವಲು ಕೊಡತೊಡಗಿದರು. ಟವಲಿನಲ್ಲಿ ಅಂಗಿಯಾಗುತ್ತದೆಯೇ ಎಂದು ಕೇಳಬೇಡಿ. ಆಗುತ್ತದೆ. "ಬೆವರು ಹೀರ್ತೈತಲೇ ತಮ್ಮ, ಭಟ್ಟಿ ಮುಂದ ಭಾಳ ಚಲೋ!" ಎಂದ.

ಕೊಟ್ಟವರ ಬಟ್ಟೆ ಮೈಮೇಲಿಲ್ಲದೆ ಕೊಟ್ಟವರ ಮನೆಗೆ ಹೋಗಬಾರದು. ಇದು ಅವನ ನೇಮ. ಒಮ್ಮೆ ಉಜ್ಜಿನಿಯಲ್ಲಿ ಮದುವೆಯಿತ್ತು. ಒಗೆದು ಹಾಕಿದ ಅಂಗಿ ಮೋಡದಿಂದಾಗಿ ಒಣಗಲಿಲ್ಲವೆಂದು ಬಸ್ಸು ಹತ್ತದೆ ಮನೆಯಲ್ಲೇ ಕೂತ. "ಬ್ಯಾರೆ ಹಾಕ್ಕೊಂಡು ಹೋಗಬಾರದೇನಣ್ಣ?" ಎಂದರೆ, "ಅವ್ರ ಮನಿಗೆ ಇನ್ನೊಬ್ಬರ ಮನಿ ಹೊತ್ಕೊಂಡು ಹೋಗ್ಲೇನು?" ಎಂದ. ಈ ನೇಮವನ್ನು ನೀವು ನೆನಪಿನಲ್ಲಿಡಬೇಕು. ನಾನು ಹೇಳಹೊರಟ ಪಾಪ ನಡೆದದ್ದೇ ಇದರ ಆಸರೆಯಿಂದ.

ಬಡಿಸುವವನು ನಕ್ಕ ಎಂದು ಬರೆದೆ. ನಾನೇನು ಕಮ್ಮಿ? ಬಟ್ಟೆಯ ಅಂಚಿನಲ್ಲಿ ಗಿರಣಿಯ ಹೆಸರಿನ ಅಚ್ಚು ಇರುತ್ತದಲ್ಲ, ಹೊಲಿಯುವಾಗ ಅದನ್ನು ಕತ್ತರಿಸಿ ಬಿಸಾಡುತ್ತೇವೆ. ಒಂದು ಸಲ ಬಜಾರದ ಗೆಳೆಯರು ಕಿವಿ ಕಚ್ಚಿದರೆಂದು, ಆ ಅಚ್ಚು ಸರಿಯಾಗಿ ಎದೆಯ ಜೇಬಿನ ಮೇಲೆ ಬರುವಂತೆ ಹೊಲಿದುಕೊಟ್ಟೆ. ಅಣ್ಣ ಅದನ್ನು ಹಾಕಿಕೊಂಡು ಬಜಾರದ ಈ ತುದಿಯಿಂದ ಆ ತುದಿಗೆ ನಡೆದ. ಚಹಾದ ಅಂಗಡಿಯಲ್ಲಿ ನಗೆ ತಡೆಯದೆ ಒಬ್ಬ ಕೆಮ್ಮತೊಡಗಿದ. ಅಣ್ಣ ಜೇಬು ಮುಟ್ಟಿ ತೋರಿಸುತ್ತ, "ನೋಡ್ರಿ, ನನ್ನ ತಮ್ಮ ಹೆಸರು ಬ್ಯಾರೆ ಹಾಕ್ಯಾನ!" ಎಂದು ಹೇಳಿಕೊಂಡು ಬಂದ. ಎಲ್ಲಿ ಹೋದರೂ ಅದೊಂದು ಮಾತು ಅವನ ಬಾಯಲ್ಲಿ. ನನ್ನ ತಮ್ಮ ಹೊಲದದ್ದು, ನನ್ನ ತಮ್ಮ ಹೊಲದದ್ದು. ಮೊದಮೊದಲು ನಗು ಬರುತ್ತಿತ್ತು. ಬರಬರುತ್ತ ಮೈಯೆಲ್ಲ ಮುಳ್ಳು. ಆ ಟವಲಿನ ಅಂಗಿ ಹೊಲಿದ ಟೇಲರು ನಾನೆಂದು ಊರೂರಿಗೆ ಸಾರಿದರೆ ನನಗೆ ಯಾರು ಬಟ್ಟೆ ಕೊಡುತ್ತಾರೆ?

ಇನ್ನು ನಗೆಯ ಮಾತು ಸಾಕು.

ಅಣ್ಣನಿಗೆ ಒಬ್ಬ ಮಗಳಿದ್ದಳು. ಹೆಂಡತಿ ಕಾಮಾಲೆಯಾಗಿ ತೀರಿಕೊಂಡಾಗ ಕೂಸು ಇನ್ನೂ ಶಾಲೆಗೆ ಸೇರಿರಲಿಲ್ಲ. ಮಣ್ಣು ಕೊಟ್ಟ ಮೇಲೆ ಹೆಂಡತಿಯ ಅಣ್ಣ, ಹರಪನಹಳ್ಳಿಯಲ್ಲಿ ಜವಳಿ ಅಂಗಡಿ ಇಟ್ಟಿದ್ದವರು, "ಭಟ್ಟಿ ಹೊಗ್ಯಾಗ ಹೆಣ್ಣು ಕೂಸು ಬೆಳಸ್ತೀಯೇನು?" ಎಂದು ಕೇಳಿ ಅವಳನ್ನು ಎತ್ತಿಕೊಂಡು ಹೋದರು. ಅಣ್ಣ ಕೂಸಿನ ಬಟ್ಟೆಯನ್ನು ಗಂಟು ಕಟ್ಟಿ ಕೊಟ್ಟ. ಹೊಗೆ ಇದ್ದದ್ದು ನಿಜವೇ ಅಲ್ಲವೇ? ಆಮೇಲೆ ಅವನು ನೋಡಲು ಹೋದಾಗಲೆಲ್ಲ ಹುಡುಗಿ ಶಾಲೆಗೆ ಹೋಗಿರುತ್ತಿದ್ದಳು. ಭಾನುವಾರ ಹೋದರೂ ಶಾಲೆಗೆ ಹೋಗಿರುತ್ತಿದ್ದಳು. ಬೇಸಿಗೆಯ ರಜೆಯಲ್ಲೂ ಶಾಲೆಗೆ ಹೋಗಿರುತ್ತಿದ್ದಳು! "ಭಾಳ ಓದ್ತಾಳಂತ" ಎಂದು ಅಣ್ಣ ನನ್ನ ಅಂಗಡಿಗೆ ಬಂದು ಹೇಳುತ್ತಿದ್ದ. ಕೊನೆಗೊಂದು ದಿನ ಹೋಗುವುದನ್ನು ಬಿಟ್ಟ. ಐದಾರು ತಾಲ್ಲೂಕುಗಳಲ್ಲಿ ಯಾರ ಮನೆಯ ಮದುವೆಗೂ ತಪ್ಪದೆ ಹೋಗುತ್ತಿದ್ದವನು ತನ್ನ ಮಗಳಿದ್ದ ಮನೆಗೆ ಮಾತ್ರ ಹೋಗಲಾರದವನಾದ.

ಹರಪನಹಳ್ಳಿಯನ್ನು ನಮ್ಮ ಜಿಲ್ಲೆಯಿಂದ ಕಿತ್ತು ದಾವಣಗೆರೆಗೆ ಸೇರಿಸಿದ ಹೊಸತರಲ್ಲಿ ಆ ಹುಡುಗಿಗೆ ಮದುವೆ ಗೊತ್ತಾಯಿತು. ಹಡಗಲಿಯ ಗಂಡು, ಹಡಗಲಿಯಲ್ಲೇ ಮದುವೆ. ಅಣ್ಣನಿಗೆ ಯಾರೂ ಬಂದು ಹೇಳಲಿಲ್ಲ. ಹೇಳಿದವಳು ಬಳೆ ಮಾರುವ ಚಾಚಿ. ಮದುವೆಯ ಮನೆಗೆ ಬಳೆ ಇಡಿಸಲು ಹೋಗಿದ್ದವಳು, ಸಂಜೆ ನೆಟ್ಟಗೆ ನನ್ನ ಅಂಗಡಿಗೆ ಬಂದಳು. ಅಣ್ಣ ಬೆಂಚಿನ ಮೇಲೆ ಕೂತಿದ್ದ. ಬುಟ್ಟಿಯ ತಳದಿಂದ ಒಂದು ಕವರು ತೆಗೆದು ಅವನ ಕೈಗಿಟ್ಟಳು.

"ನಿನ್ನ ಮಗಳು ಯಾರಿಗೂ ಕಾಣದಂಗ ನನ್ನ ಬುಟ್ಟ್ಯಾಗ ಹಾಕಿದ್ಲಪ್ಪ. ಅಪ್ಪಗ ಇದನ್ನ ಹಾಕ್ಕೊಂಡು ಬಾ ಅನ್ನು ಅಂದ್ಲು."

ಒಳಗೆ ಒಂದು ಲಗ್ನಪತ್ರಿಕೆ. ಒಂದು ರೆಡಿಮೇಡ್ ಅಂಗಿ. ಆಯಾರದ ಪೀಸಲ್ಲ, ಹಾಕಿಕೊಳ್ಳುವ ಅಂಗಿ, ಹಾಲಿನ ಕೆನೆಯ ಬಣ್ಣದ್ದು. ಮದುವೆಯ ಜವಳಿ ತೆಗೆಯುವಾಗ ಯಾರ ಕಣ್ಣು ತಪ್ಪಿಸಿ ಸೇರಿಸಿದ್ದಳೋ!

ಅಣ್ಣ ಅದನ್ನು ಅಲ್ಲೇ ಹಾಕಿಕೊಂಡ. ಕೈ ಎರಡೂ ಮಾಯವಾದವು. ಹೆಗಲ ಹೊಲಿಗೆ ಮೊಣಕೈಯತ್ತ ಇಳಿದಿತ್ತು. ಕೊರಳಪಟ್ಟಿಯೊಳಗೆ ಇನ್ನೊಂದು ಕೊರಳು ಹಿಡಿಸುತ್ತಿತ್ತು. ನನಗೆ ನಗೆ ತಡೆಯಲಾಗಲಿಲ್ಲ.

"ಅಣ್ಣಾ, ಇದ್ರಾಗ ನೀನೂ ಬೀಗರೂ ಇಬ್ರೂ ಹಿಡಿಸ್ತೀರಿ!"

ಅವನು ನಗಲಿಲ್ಲ. ಜೋತುಬಿದ್ದ ತೋಳನ್ನು ನೋಡಿಕೊಂಡು ನಿಂತ. ಆಮೇಲೆ ತೊಡೆಯ ಹತ್ತಿರ ಕೈ ಹಿಡಿದು ಎತ್ತರ ತೋರಿಸಿದ.

"ನನ್ನ ನೋಡಿದಾಗ ಆಕಿ ಇಷ್ಟಿದ್ಲು. ಅಲ್ಲಿಂದ ಮ್ಯಾಲೆ ನೋಡಿದ್ರ ಯಾರಾದ್ರೂ ದೊಡ್ಡವ್ರ ಕಾಣ್ತಾರಲೇ."

ನನ್ನ ನಗು ನಿಂತಿತು.

"ಸಣ್ಣದು ಮಾಡು. ಆದ್ರ ಸಣ್ಣದು ಮಾಡಿದ್ದು ಆಕಿಗೆ ಕಾಣಬಾರದು. ಅಳತಿ ಕೇಳದ ತಂದ್ರೂ ಅಪ್ಪಗ ಸರಿ ಆತು ಅನ್ಕೋಬೇಕು ಆಕಿ."

"ಹಂಗ ಮಾಡಬೇಕಂದ್ರ ಪೂರಾ ಬಿಚ್ಚಬೇಕಣ್ಣ. ಕಾಲರು, ಹೆಗಲು, ತೋಳು, ಎಲ್ಲ."

"ಬಿಚ್ಚು."

ಅವನ ಎದುರಿಗೇ ಬ್ಲೇಡು ಹಿಡಿದು ಬಿಚ್ಚಿದೆ. ಅಂಗಿ ಮತ್ತೆ ತುಂಡು ತುಂಡು ಬಟ್ಟೆಯಾಗಿ ಮೇಜಿನ ಮೇಲೆ ಬಿತ್ತು. ಮದುವೆಗೆ ಇನ್ನೂ ನಾಲ್ಕಾರು ದಿನಗಳಿದ್ದವು. ಕೂತರೆ ಅರ್ಧ ದಿನದ ಕೆಲಸ.

ಮರುದಿನ ಮಧ್ಯಾಹ್ನ ಅಂಗಡಿಯ ಮುಂದೆ ಸ್ಕೂಟರು ನಿಂತಿತು. ಹುಡುಗಿಯ ಸೋದರಮಾವ, ಅದೇ ಹರಪನಹಳ್ಳಿಯ ಜವಳಿ ಅಂಗಡಿಯವರು. ಅವರು ಆ ವರ್ಷ ಶಾಲೆಗಳಿಗೆ ಯೂನಿಫಾರಮ್ಮಿನ ಬಟ್ಟೆ ಕೊಡುತ್ತಿದ್ದರು. ಹೊಲಿಗೆ ನನಗೆ ಕೊಟ್ಟಿದ್ದರು. ಅಣ್ಣನ ಸಂಬಂಧದಿಂದಲೇ ಸಿಕ್ಕ ಕೆಲಸ ಅದು, ಅದನ್ನೂ ಹೇಳಿಬಿಡುತ್ತೇನೆ. ಬಂದವರು ಕೂಡಲಿಲ್ಲ. ಮೇಜಿನ ಮೇಲಿದ್ದ ತುಂಡುಗಳನ್ನು ಬೆರಳಿನಿಂದ ಸರಿಸಿ ನೋಡಿದರು.

"ಜವಳಿ ಲೆಕ್ಕದಾಗ ಒಂದು ಅಂಗಿ ಕಮ್ಮಿ ಬಿತ್ತು. ನಮ್ಮ ಹುಡುಗಿ ಕಳಿಸಿದ್ದು ಇದ ಏನು?"

"ಹೂನ್ರಿ. ದೊಡ್ಡದಾಗಿತ್ತು, ಸಣ್ಣದು ಮಾಡಾಕ ಬಿಚ್ಚೇನ್ರಿ."

"ಬೀಗರು ಭಾಳ ನಾಜೂಕು ಮಂದಿ. ನಿಮ್ಮಣ್ಣ ಬಂದು ಮಂಟಪದಾಗ ‘ನೋಡ್ರಿ, ನಿಮ್ದ’ ಅಂತ ತಿರುಗಿ ನಿಂತ್ರ ನಾವು ಮಾರಿ ಎಲ್ಲಿ ಇಟ್ಕೋಬೇಕಪ?"

"ಮಗಳ ಮದಿವಿ ರೀ..."

"ಬರಬ್ಯಾಡ ಅಂತ ನಾ ಏನರ ಅಂದ್ನೇನು? ನಾ ಏನೂ ಅಂದಿಲ್ಲ. ನಿನಗೂ ಏನೂ ಮಾಡು ಅಂತ ಹೇಳಾಕ ಬಂದಿಲ್ಲ. ಏನೂ ಮಾಡಬ್ಯಾಡ. ಅಷ್ಟ ಮಾಡು."

ಹೋಗುವಾಗ ಮೂಲೆಯಲ್ಲಿ ಪೇರಿಸಿಟ್ಟಿದ್ದ ಯೂನಿಫಾರಮ್ಮಿನ ಬಟ್ಟೆಯನ್ನು ಒಂದು ಸಲ ನೋಡಿದರು. ಅದರ ವಿಷಯ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಬೆದರಿಸಿದರು ಎಂದಾದರೂ ಇಲ್ಲಿ ಬರೆಯಬಹುದಿತ್ತು.

ಯೂನಿಫಾರಂ ಕೈತಪ್ಪೀತೆಂದು ಹೆದರಿದೆ, ನಿಜ. ಆದರೆ ಅದೊಂದೇ ಅಲ್ಲ. ಹಡಗಲಿಯ ಆ ದೊಡ್ಡ ಮಂದಿಯ ನಡುವೆ ನಿಂತು ಅವನು "ನನ್ನ ತಮ್ಮ ಹೊಲದದ್ದು" ಎನ್ನುವುದು ನನ್ನ ಕಿವಿಗೆ ಆಗಲೇ ಕೇಳಿಸಿತು. ಕೇಳಿಸಿದ ಕೂಡಲೇ ನಾನು ಒಳಗೊಳಗೇ ಒಪ್ಪಿಕೊಂಡಿದ್ದೆ. ಸ್ಕೂಟರು ಇನ್ನೂ ತಿರುವು ದಾಟಿರಲಿಲ್ಲ.

ಏನೂ ಮಾಡದಿರುವುದು ಟೇಲರಿಗೆ ಬಹಳ ಸುಲಭದ ಕೆಲಸ. ನಮ್ಮ ಕಸುಬಿನಲ್ಲಿ ಕತ್ತರಿ ಹಿಡಿಯುವುದಕ್ಕಿಂತ ಮೊದಲು ಕಲಿಯುವ ವಿದ್ಯೆಯೇ "ನಾಳಿ ಬರ್ರಿ" ಎನ್ನುವುದು! ಅಣ್ಣ ದಿನಾ ಸಂಜೆ ಭಟ್ಟಿಯಿಂದ ನೆಟ್ಟಗೆ ಬರುತ್ತಿದ್ದ.

"ಆತೇನಲೇ?"

"ಕರೆಂಟ್ ಇರಲಿಲ್ಲಣ್ಣ."

ಕಾಲಿನಿಂದ ತುಳಿಯುವ ಮಿಷನ್ನಿಗೆ ಕರೆಂಟು ಯಾಕೆ ಬೇಕೆಂದು ಅವನು ಕೇಳಲಿಲ್ಲ.

"ಇವತ್ತರ ಆತೇನು?"

"ಕಾಜಾ ಹಾಕೋನು ಊರಿಗೆ ಹೋಗ್ಯಾನ."

ರೆಡಿಮೇಡ್ ಅಂಗಿಗೆ ಗುಂಡಿ ಕಾಜಾ ಮೊದಲೇ ಇದ್ದವು. ಅದನ್ನೂ ಅವನು ಕೇಳಲಿಲ್ಲ. "ಇರ್ಲಿ ಬಿಡು, ನಾಳಿ ಆಕ್ಕೈತಿ" ಎಂದು ಎದ್ದು ಹೋಗುತ್ತಿದ್ದ. ಹೋಗುವಾಗ ಆ ತುಂಡುಗಳ ಮೇಲೆ ಧೂಳು ಬೀಳದಂತೆ ತನ್ನ ಟವಲು ಹೊದಿಸಿ ಹೋಗುತ್ತಿದ್ದ.

ಮದುವೆಯ ದಿನ ನಾನು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಬಂದು ಕಟ್ಟೆಯ ಮೇಲೆ ಕೂತಿದ್ದ. ತಲೆಗೆ ಸ್ನಾನ ಮಾಡಿದ್ದ. ಹಣೆಯ ತುಂಬ ವಿಭೂತಿ. ಹೊಸ ಧೋತರ, ಮೇಲೆ ಬರೀ ಬನಿಯನ್ನು. ಅಂಗಿಯ ಜಾಗ ಖಾಲಿ ಇಟ್ಟುಕೊಂಡು ಬಂದಿದ್ದ ಅಷ್ಟೆ.

"ಈಗ ಕೂಡ್ತೀನಿ ನೋಡಣ್ಣ" ಎಂದೆ. ಕೂತೆ ಕೂಡ. ಸೂಜಿ ಮುರಿಯಿತು ಎಂದೆ. ದಾರ ಗಂಟಾಯಿತು ಎಂದೆ. ಬಸ್‌ ಸ್ಟ್ಯಾಂಡಿನ ಕಡೆಯಿಂದ ಹಡಗಲಿಯ ಬಸ್ಸಿನ ಹಾರನ್ನು ಕೇಳಿಸಿತು.

"ಇನ್ನೊಂದು ಬಸ್ಸು ಐತಿ" ಎಂದ ಅವನು, ನನಗೇ ಸಮಾಧಾನ ಹೇಳುವವನಂತೆ.

ನಾನು ಒಂದು ಹೆಗಲು ಕೂಡಿಸಿ, ಸರಿಯಾಗಲಿಲ್ಲವೆಂದು ಮತ್ತೆ ಬಿಚ್ಚಿದೆ.

"ಅಣ್ಣಾ, ತಡ ಆಕ್ಕೈತಿ. ಬ್ಯಾರೆ ಅಂಗಿ ಹಾಕ್ಕೊಂಡು ಹೋಗಿ ಬಾ."

"ಇದನ್ನ ಹಾಕ್ಕೊಂಡು ಬಾ ಅಂದಾಳಲೇ."

ಇನ್ನೊಂದು ಬಸ್ಸೂ ಹೋಯಿತು. ಅಣ್ಣ ಬೆಂಚಿನಿಂದ ಅರ್ಧ ಎದ್ದವನು ಮತ್ತೆ ಕೂತ. ಮೆಲ್ಲಗೆ, "ಒಂದು ತೋಳು ಹಚ್ಚಿದ್ರೂ ಸಾಕಲೇ ತಮ್ಮ. ಇನ್ನೊಂದು ಟವಲ್ ಹೊತ್ಕೊಂಡು ಮುಚ್ಕೊಂತೀನಿ" ಎಂದ. ನಾನು ಯೂನಿಫಾರಮ್ಮಿನ ಒಂದು ಚಡ್ಡಿಯನ್ನು ಮಿಷನ್ನಿಗೆ ಕೊಟ್ಟು ತುಳಿಯತೊಡಗಿದೆ. ಮಿಷನ್ನಿನ ಸದ್ದಿದ್ದರೆ ಮಾತಾಡಬೇಕಾಗಿಲ್ಲ.

ಮುಹೂರ್ತದ ಹೊತ್ತು ಲಗ್ನಪತ್ರಿಕೆಯಲ್ಲಿತ್ತು. ಅವನಿಗೆ ಬಾಯಿಪಾಠವಾಗಿತ್ತು. ಅಂಗಡಿಯ ಗೋಡೆಯ ಗಡಿಯಾರವನ್ನು ನೋಡುತ್ತ ಇದ್ದವನು ಆ ಹೊತ್ತಿಗೆ ಚಪ್ಪಲಿ ಬಿಟ್ಟು ಎದ್ದು ನಿಂತ. ಎರಡೂ ಕೈ ಎದೆಯ ಹತ್ತಿರ, ಬೀದಿಯ ಕಡೆ ಮುಖ. ಪ್ಯಾಂಟು ಒಯ್ಯಲು ಬಂದ ಗಿರಾಕಿಯೊಬ್ಬ, "ಯಾಕ್ರಿ ಯಜಮಾನ್ರ, ಬರೇ ಬನೀನ್ ಮ್ಯಾಲೆ ನಿಂತೀರಿ?" ಎಂದು ನಕ್ಕ.

"ಏನಿಲ್ಲಪ. ಕೂತು ಕೂತು ಕಾಲು ಜೋಮು ಹಿಡದಿತ್ತು."

ಆಮೇಲೆ ಕೂತ. ಚಪ್ಪಲಿ ಮೆಟ್ಟಿಕೊಂಡ.

"ಇನ್ನ ಅವಸರ ಇಲ್ಲಲೇ. ನಿಧಾನಕ ಹೊಲಿ."

ಇನ್ನು ತಡೆಯುವ ಕಾರಣವೇ ಇರಲಿಲ್ಲವಲ್ಲ! ಊಟದ ಹೊತ್ತಿಗೆ ಅಂಗಿ ಮುಗಿದುಹೋಯಿತು. ನನ್ನ ಇಡೀ ಕಸುಬಿನಲ್ಲಿ ಅಷ್ಟು ಚೆನ್ನಾಗಿ ಕೂತ ಅಂಗಿಯನ್ನು ನಾನು ಹೊಲಿದಿಲ್ಲ. ಎಲ್ಲಿ ಕತ್ತರಿಸಿದೆ, ಎಲ್ಲಿ ಕೂಡಿಸಿದೆ ಎಂದು ಇನ್ನೊಬ್ಬ ಟೇಲರು ಬಂದರೂ ಹೇಳಲಾರ. ಅಣ್ಣ ಹಾಕಿಕೊಂಡು, ಕನ್ನಡಿಯಲ್ಲಿ ನೋಡಿಕೊಂಡು, "ಭಾಳ ಚಲೋ ಆಗೇತಿ" ಎಂದ. ಹಾಕಿಕೊಂಡೇ ಭಟ್ಟಿಯ ಕಡೆ ಹೋದ.

ಅಣ್ಣ ಈಗಿಲ್ಲ. ತೀರಿಕೊಂಡು ಎಷ್ಟೋ ವರ್ಷಗಳಾದವು. ಭಟ್ಟಿಯ ಹೊಗೆ ಕುಡಿದ ಎದೆ, ಬಹಳ ದಿನ ಬಾಳಲಿಲ್ಲ. ಮಣ್ಣಿಗೆ ಬಂದ ಮಗಳು ನನ್ನ ಕೈ ಹಿಡಿದು, "ಕಾಕಾ, ನೀ ಇದ್ದಿ ಅಂತ ಅಪ್ಪ ಇಷ್ಟು ದಿನ ಇದ್ದ" ಎಂದು ಅತ್ತಳು. ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ, ಬಾಯನ್ನೂ ಬಿಡಲಿಲ್ಲ. ಹಬ್ಬಕ್ಕೆ ಈಗಲೂ ನನಗೆ ಬಟ್ಟೆ ಕಳಿಸುತ್ತಾಳೆ. ನನಗೆ ಹಾಕಿಕೊಳ್ಳಲು ಆಗುವುದಿಲ್ಲ. ಇದನ್ನು ಅವಳು ಓದಲಿ ಎಂದೇ ಬರೆಯುತ್ತಿದ್ದೇನೆ. ಓದಿದ ಮೇಲೆ ಕಳಿಸದಿದ್ದರೆ ಅದು ಸರಿಯೇ.

ಆದರೆ ಅವಳಿಗೆ ನೆನಪಿರುವ ಒಂದು ದಿನವನ್ನು ನಾನು ಕಂಡ ಹಾಗೆ ಹೇಳಿ ಮುಗಿಸುತ್ತೇನೆ.

ಮದುವೆಯಾದ ಹೊಸ ಜೋಡಿ ಕೊಟ್ಟೂರಿಗೆ ಬಂದು ಗುಡಿಗೆ ಹೋಗಿಬರುವುದು ನಮ್ಮ ಕಡೆಯ ರೂಢಿ. ಆಕೆಯೂ ಗಂಡನ ಜೊತೆ ಬಂದಳು. ಗುಡಿಯಿಂದ ಹೊರಗೆ ಬಂದವಳು ಕೇಳಿಕೊಂಡು ಕೇಳಿಕೊಂಡು ನನ್ನ ಅಂಗಡಿಗೆ ಬಂದಳು. ಅಣ್ಣ ಬೆಂಚಿನ ಮೇಲಿದ್ದ. ಮೈಮೇಲೆ ಅದೇ ಅಂಗಿ. ಹೊಸ್ತಿಲಲ್ಲಿ ನಿಂತವಳು ತನ್ನ ಅಪ್ಪ ಯಾರೆಂದು ಗುರುತಿಸಿದ್ದು ಮುಖದಿಂದಲ್ಲ, ಅಂಗಿಯಿಂದ. ಗಂಡನ ಕಡೆ ತಿರುಗಿ, "ನೋಡ್ರಿ, ನಾ ಹೇಳಿದ್ನಲ್ಲ? ಅಳತಿ ಕೇಳದ ತಂದಿದ್ದೆ, ಸರಿ ಆಗೇತಿ!" ಎಂದಳು. ಅಣ್ಣ ಬಾಯಿ ತೆರೆದು ಕೂತೇ ಬಿಟ್ಟ. "ನೋಡ್ರಿ, ನಿಮ್ದ" ಎನ್ನುವುದೂ ಅವನಿಗೆ ಮರೆತುಹೋಗಿತ್ತು.

ಆಮೇಲೆ ಅವಳ ದನಿ ಇಳಿಯಿತು. "ಯಾಕ ಬರಲಿಲ್ಲಪ್ಪ? ಬಾಗಿಲ ಕಡೀನ ನೋಡ್ತಿದ್ದೆ ನಾನು. ತಾಳಿ ಕಟ್ಟೋವಾಗೂ ನೋಡ್ತಿದ್ದೆ."

ಅಣ್ಣ ನನ್ನ ಕಡೆ ನೋಡಿದ. ನನ್ನ ಬಾಯಿಂದ ಬಂದದ್ದು ಒಂದೇ ಮಾತು, "ಜ್ವರ ಬಂದಿತ್ತವ್ವ."

ಈಗ ಹೇಳಿಬಿಡುತ್ತಾನೆ ಎಂದುಕೊಂಡೆ. ಹೇಳಲಿ ಎಂದೂ ಅನಿಸಿತು.

"ಹೌದು ಯವ್ವಾ, ಭಾಳ ಜ್ವರ" ಎಂದ ಅಣ್ಣ. "ಏಳಾಕ ಆಗಲಿಲ್ಲ. ನಿಮ್ಮ ಕಾಕಾನ ಹಗಲೆಲ್ಲ ಕುಂತು ಗುಳಿಗಿ ನುಂಗಿಸಿದ."

ಅವಳು ಚಪ್ಪಲಿ ಬಿಟ್ಟು ಒಳಗೆ ಬಂದಳು. ಅಪ್ಪನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು, ಹಸಿರು ಬಳೆಗಳನ್ನು ಹಿಂದಕ್ಕೆ ಸರಿಸಿ, ಅವನ ಹಣೆಯ ಮೇಲೆ ಅಂಗೈ ಇಟ್ಟು ನೋಡಿದಳು. ಅಣ್ಣ ಕಣ್ಣು ಮುಚ್ಚಿಕೊಂಡ.

"ಈಗ ಏನಿಲ್ಲಪ್ಪ. ತಣ್ಣಗೈತಿ."

"ಇನ್ನೊಮ್ಮೆ ನೋಡವ್ವ" ಎಂದ, ಕಣ್ಣು ತೆರೆಯದೆ. "ಇನ್ನೂ ಚೂರು ಐತೇನೋ."

ಅವಳು ಮತ್ತೆ ಅಂಗೈ ಇಟ್ಟಳು.